ಒಡೆದಿಲ್ಲ, ಮಾರಿಲ್ಲ

ಕುಷಾಯಿಗೂಡ
12 ಅಕ್ಟೋಬರ್ 2025

ಚಿ. ಸೌ. ಶಿವದೇವಿಗೆ,

ನೀನು ಫೋನು ಎತ್ತುವುದಿಲ್ಲ. ಎತ್ತುತ್ತೇನೆಂದರೂ ನನ್ನ ಫೋನು ಈಗ ಕಂಪನಿಯವರ ಬೀರುವಿನಲ್ಲಿದೆ. ಯಾರು ಯಾರಿಗೆ ಏನು ಕಳಿಸಿದ್ದರು ಎಂದು ಎಲ್ಲರ ಫೋನನ್ನೂ ತೆಗೆದು ನೋಡುತ್ತಿದ್ದಾರೆ. ನನ್ನದರಲ್ಲಿ ಅವರಿಗೆ ಸಿಗುವುದು ನೀನು ಕಳಿಸಿದ ಕಾಯಿಪಲ್ಲೆ ಪಟ್ಟಿ ಮತ್ತು ಮಗಳು ಭಾಗ್ಯಶ್ರೀ ಹಾಸ್ಟೆಲಿನಿಂದ ಕಳಿಸಿದ ಅಳುವ ಮುಖದ ಚಿತ್ರಗಳು. ಹಾಗಾಗಿ ಕಾಗದ. ಇದನ್ನು ನಮ್ಮ ಓಣಿಯ ಅಂಚೆ ಡಬ್ಬಿಗೆ ಹಾಕುವುದಿಲ್ಲ. ನಾನು ಗೇಟು ತೆಗೆದಾಗಲೆಲ್ಲ ಪಕ್ಕದ ಮನೆಯ ಮಲ್ಲಣ್ಣ ಗಿಡಕ್ಕೆ ನೀರು ಹಾಕುತ್ತ ನಿಂತಿರುತ್ತಾನೆ. ಅವನ ಮನೆ ಮುಂದೆ ಗಿಡವೇ ಇಲ್ಲ. ಅಬಿಡ್ಸ್‌ಗೆ ಹೋಗಿ ದೊಡ್ಡ ಅಂಚೆ ಕಚೇರಿಯಲ್ಲಿ ಹಾಕುತ್ತೇನೆ.

ತಮ್ಮನ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದೆಯಲ್ಲ, "ಮಕ್ಕಳಾಟದ ಡಬ್ಬಿ ಸಲುವಾಗಿ ನನ್ನ ತಮ್ಮನ್ನ ಕಳ್ಳ ಅಂತೀರೇನ್ರಿ?" ಅಂತ, ಅದಕ್ಕೆ ಆಗ ಉತ್ತರ ಕೊಡಲು ನೀನು ಬಿಡಲಿಲ್ಲ. ಈಗ ಕೇಳು. ಟಿವಿಗೆ ಹಚ್ಚಿ ಆಡುವ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಂಪನಿಯಲ್ಲಿರುವುದು ಆ ಆಟಗಳನ್ನು ತಯಾರು ಮಾಡುವವರಿಗೆಂದೇ ಹೊರದೇಶದವರು ಕೊಡುವ ಯಂತ್ರ. ಡೆವ್‌ಕಿಟ್ ಅನ್ನುತ್ತಾರೆ. ಅರ್ಧ ಬೆಂದ ಆಟವನ್ನೂ ಅದು ಓಡಿಸುತ್ತದೆ, ಎಲ್ಲಿ ಕೆಟ್ಟಿತು ಎಂದು ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಅದಕ್ಕೇ ಅದು ಮಾರಾಟಕ್ಕಿಲ್ಲ. ನಮಗೂ ಎರವಲು. ಫೋಟೋ ತೆಗೆಯುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಹಳೆಯದಾದರೆ ಪುಡಿ ಮಾಡಿಸಿ, ಪುಡಿಯಾಯಿತು ಎಂಬ ಚೀಟಿಯನ್ನು ಕೊಟ್ಟವರಿಗೆ ಕಳಿಸಬೇಕು. ಆಟಗಳ ಕಳ್ಳ ಪ್ರತಿ ಮಾಡುವವರ ಕೈಗೆ ಇಂಥದೊಂದು ಸಿಕ್ಕರೆ ಅವರಿಗೆ ಹಬ್ಬ. ಇವನ್ನಿಡುವ ಜಾಲರಿ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ನನ್ನ ಉದ್ಯೋಗವೇ ಅಷ್ಟು.

ಗಣಪತಿ ಹಬ್ಬದಲ್ಲಿ ಹಳೆಯ ಐದು ಕಿಟ್ಟುಗಳನ್ನು ಪುಡಿ ಮಾಡಿಸಬೇಕಾಗಿ ಬಂತು. ಅವುಗಳ ಮೇಲೆ ಆಟ ಆಡಿ ತಪ್ಪು ಹುಡುಕುವ ಕೆಲಸ ರವಿಕಿರಣನದು. ಯಂತ್ರಗಳ ಜೊತೆ ಅವನ ಕೆಲಸವೂ ಅದೇ ವಾರ ಮುಗಿಯಿತು. ಪುಡಿ ಮಾಡುವ ಕಾರ್ಖಾನೆ ಇರುವುದು ಬಾಲಾನಗರದಲ್ಲಿ, ಅವನ ಮನೆಯ ಹತ್ತಿರ. ನಿನ್ನ ತಮ್ಮ ಎಂಬ ನಂಬಿಕೆಯ ಮೇಲೆ ಐದನ್ನೂ ಅವನ ಕೈಗೆ ಕೊಟ್ಟು ಸಹಿ ಹಾಕಿದವನು ನಾನು. ನಾಲ್ಕರ ಚೀಟಿ ಬಂತು. ಐದನೆಯದರದು ಬರಲಿಲ್ಲ. ಕೇಳಿದರೆ ಏನೆಂದ, ನೀನೂ ಅಲ್ಲೇ ಇದ್ದೆ: "ಒಡೆದಿಲ್ಲ, ಮಾರಿಲ್ಲ ಮಾಮಾ. ಇಷ್ಟ ಹೇಳ್ತೀನಿ." ಹಾಗಾದರೆ ಹಾರಿ ಹೋಯಿತೇನು ಅಂದೆ. ಚಹಾ ಕುಡಿದ. ಇನ್ನೊಂದು ಕಪ್ಪು ಕೇಳಿದ.

ಹೊರದೇಶದವರು ಐದನೆಯದು ಎಲ್ಲಿ ಎಂದು ಬರೆದಿದ್ದಾರೆ. ವರ್ಷ ಮುಗಿಯುವುದರೊಳಗೆ ಯಾರದಾದರೂ ಹೆಸರು ಬರೆದು ಕೊಡಬೇಕಂತೆ. ಬೇರೆ ಹೆಸರು ಸಿಗದಿದ್ದರೆ ನನ್ನದು. ಅವನು ಯಾರನ್ನು ಭೇಟಿಯಾಗುತ್ತಾನೆ, ಮನೆಗೆ ಹೊಸದೇನಾದರೂ ಬಂದಿದೆಯೇ, ಗಮನಿಸಿ ತಿಳಿಸು.

ಒಲೆಯ ಮೇಲೆ ಅನ್ನ ಮುದ್ದೆ, ಹಾಸಿಗೆ ಮೇಲೆ ಇಲ್ಲ ನಿದ್ದೆ.

ನಿನ್ನವನೇ (ಸಂಶಯವಿದ್ದರೆ ಕೈಬರಹ ನೋಡು),
ಶಾಂತಕುಮಾರ


ಬಾಲಾನಗರ
24 ಅಕ್ಟೋಬರ್ 2025

ಮನೆಯವರಿಗೆ ಶಿವದೇವಿಯ ನಮಸ್ಕಾರ.

ನಿಮ್ಮ ಪತ್ರ ಬಂತು. ಅಷ್ಟು ಟೇಪು ಸುತ್ತಿದ್ದಿರಿ, ಬಿಡಿಸಲು ಈಳಿಗೆ ಬೇಕಾಯಿತು. ಪೋಸ್ಟಿನವನು ಕೊಡುವಾಗ ನನ್ನ ಮುಖವನ್ನೇ ನೋಡಿದ. ಯಾರೂ ಸಂಶಯ ಪಡದಿರಲಿ ಎಂದು ನೀವು ಮಾಡುವುದೆಲ್ಲ ಹೀಗೇ ಆಗುತ್ತದೆ.

ದೀಪಾವಳಿಗೆ ನೀವು ಬರಲಿಲ್ಲ. ರವಿ ಬಾಗಿಲ ಕಡೆ ನೋಡುತ್ತ ನೋಡುತ್ತ ಊಟ ಮಾಡಿದ. ನಾನು ನೋಡಲಿಲ್ಲ.

ನನ್ನನ್ನು ಗೂಢಚಾರಿಣಿ ಮಾಡಿದ್ದೀರಲ್ಲ, ವರದಿ ಇಲ್ಲಿದೆ. ಮನೆಗೆ ಹೊಸದಾಗಿ ಬಂದದ್ದು ನಾನೊಬ್ಬಳೇ. ಹಳೇ ಫ್ಯಾನು ಹಾಗೇ ಕಿರುಗುಡುತ್ತದೆ. ಅವನು ಭೇಟಿಯಾಗುವವರಲ್ಲಿ ಹಾಲಿನವನೊಬ್ಬ ಸಂಶಯಾಸ್ಪದ. ಹಾಲಿಗೆ ನೀರು ಬೆರೆಸುತ್ತಾನೆ.

ಅನ್ನ ಮುದ್ದೆ, ಇಲ್ಲ ನಿದ್ದೆ. ಒಳ್ಳೇದು. ಪ್ರಾಸ ಸಿಕ್ಕ ಕೂಡಲೇ ಸತ್ಯವೂ ಸಿಕ್ಕಿತು ಅಂದುಕೊಳ್ಳುವುದು ನಿಮ್ಮ ಹಳೇ ರೋಗ. ನಿದ್ದೆ ಇಲ್ಲವಂತೆ. ನಿಮ್ಮ ಗೊರಕೆಗೆ ಮಲ್ಲಣ್ಣನವರು ಗೋಡೆ ಬಡಿಯುತ್ತಿದ್ದುದನ್ನು ನಾನು ಮರೆತಿಲ್ಲ.

ಡೆವ್‌ಕಿಟ್ ಎಂದರೇನು ಎಂದು ತಿಳಿಸಿಕೊಟ್ಟಿರಿ. ನನಗೆ ಮೊದಲೇ ಸ್ವಲ್ಪ ಗೊತ್ತಿತ್ತು. ಪ್ರತಿ ದಸರೆಯಲ್ಲಿ ಖಂಡೆ ಪೂಜೆಗೆಂದು ನೀವು ನನ್ನಿಂದಲೇ ಕುಂಕುಮ, ಅರಿಶಿನ, ಊದಿನಕಡ್ಡಿ ಕಟ್ಟಿಸಿಕೊಂಡು ಹೋಗುತ್ತಿದ್ದಿರಿ. ಎಲ್ಲಕ್ಕಿಂತ ಹಳೆಯ ಕಿಟ್ಟನ್ನು ಮುಂದಿಟ್ಟು ಎಲ್ಲದರ ಪರವಾಗಿ ಅದಕ್ಕೇ ಪೂಜೆ ಮಾಡುತ್ತೇವೆ ಎಂದು ಹೇಳಿದವರು ನೀವು. ಅದಕ್ಕೊಂದು ಆರತಿ ಹಾಡನ್ನೂ ಕಟ್ಟಿದ್ದಿರಿ. "ತಾಯಿ, ಕಿಟ್ಟು ಕೆಡದಿರಲಿ, ಕೆಲಸ ನಮ್ಮ ಬಿಡದಿರಲಿ." ಒಂದು ವರ್ಷ ನಾನು ಕಡುಬು ಕಳಿಸಿದ್ದೆ, ದೇವರಿಗೆ ತೋರಿಸಿ ನೀವೇ ತಿಂದು ಬಂದಿರಿ.

ಒಂದು ಮಾತು ಕೇಳುತ್ತೇನೆ. ಚೀಟಿ ಬಾರದ ಆ ಐದನೆಯದು ಐದರಲ್ಲಿ ಯಾವುದು? ಅದನ್ನು ನೀವು ಬರೆದಿಲ್ಲ.

ಶಿವದೇವಿ


ಕುಷಾಯಿಗೂಡ
9 ನವೆಂಬರ್ 2025, ರವಿವಾರ

ಶಿವದೇವಿಗೆ,

ಇವತ್ತು ಅಬಿಡ್ಸ್‌ನಲ್ಲಿ ನಿನ್ನ ತಮ್ಮನನ್ನು ನೋಡಿದೆ. ಫುಟ್‌ಪಾತಿನಲ್ಲಿ ರವಿವಾರದ ಹಳೇ ಪುಸ್ತಕಗಳ ಸಾಲು ಇರುತ್ತದಲ್ಲ, ಅಲ್ಲಿ ನಿಂತಿದ್ದೆ. ಅವನು ಎದುರಿನ ಅಂಗಡಿಯಿಂದ ಹೊರಬಿದ್ದ. ಎಂಥ ಅಂಗಡಿ ಗೊತ್ತೇ? ಹಳೇ ಆಟದ ಡಬ್ಬಿ ಕೊಳ್ಳುವ, ಮಾರುವ ಅಂಗಡಿ. ಹೆಗಲಿಗೆ ಚೀಲ. ಚೀಲ ನೆಟ್ಟಗೆ ಜೋತುಬಿದ್ದಿರಲಿಲ್ಲ, ಮೂಲೆ ಮೂಲೆಯಾಗಿ ಉಬ್ಬಿತ್ತು. ಒಳಗೆ ಡಬ್ಬಿಯ ಆಕಾರದ್ದೇನೋ ಇತ್ತು. ನಾನು ಒಂದು ಪುಸ್ತಕ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಅವನು ನೋಡಲಿಲ್ಲ.

ಅವನು ಹೋದ ಮೇಲೆ ಅಂಗಡಿಯೊಳಗೆ ಹೋದೆ. ಗಿರಾಕಿಯ ಹಾಗೆ ಅದೂ ಇದೂ ನೋಡಿ, ದನಿ ಇಳಿಸಿ, ಅಂಗಡಿಗಳಲ್ಲಿ ಸಿಗದ ಡಬ್ಬಿ ಏನಾದರೂ ಇದೆಯೇ ಎಂದು ಮಾಲೀಕನನ್ನು ಕೇಳಿದೆ.

"ದುಕಾನ್ ಮೇಂ ನೈ ಮಿಲ್ತಾ ಬೋಲ್ಕೆ ದುಕಾನ್ ಮೇಂಚ್ ಆಕೆ ಪೂಛ್‌ರೈಂ ಸಾಬ್?" ಅಂದ.

ಅಂಗಡಿಯಲ್ಲಿ ಸಿಗದ್ದನ್ನು ಅಂಗಡಿಗೇ ಬಂದು ಕೇಳುತ್ತಿದ್ದೀಯಲ್ಲ ಎಂಬುದು ಅವನ ಪ್ರಶ್ನೆ. ಬುದ್ಧಿವಂತ. ಮುಗ್ಧರು ಇಷ್ಟು ಬೇಗ ಉತ್ತರ ಕೊಡುವುದಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹೌದು, ಕಾಣೆಯಾದದ್ದು ಪೂಜೆಯ ಕಿಟ್ಟೇ. ಅದಕ್ಕೇನೀಗ? ಈ ಸಲ ಖಂಡೆ ಪೂಜೆಗೆ ಅದರ ಜಾಗದಲ್ಲಿ ಹೊಸದೊಂದನ್ನು ಇಟ್ಟೆವು. ಹಾಡೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಆದರೆ ಬಸ್ಸಿನಲ್ಲಿ ಬರುವಾಗ ನಿನ್ನ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಹೋಯಿತು ಎಂದಾಗ ಜನ ಎಷ್ಟು ಹೋಯಿತು ಎಂದು ಕೇಳುತ್ತಾರೆ, ಯಾರು ಒಯ್ದರು ಎಂದು ಕೇಳುತ್ತಾರೆ. ಐದರಲ್ಲಿ ಯಾವುದು ಎಂದು ಕೇಳುವವರಿಗೆ ಮೊದಲೇ ಏನೋ ಗೊತ್ತಿರುತ್ತದೆ. ಗಣಪತಿ ಹಬ್ಬಕ್ಕೆ ನೀನು ಬಾಲಾನಗರದಲ್ಲೇ ಇದ್ದೆ. ಅದು ಈಗ ನೆನಪಾಯಿತು.

ಒಂದೇ ಬಳ್ಳಿಯ ಕಾಯಿ ನೀವು, ಒಬ್ಬರ ಬಾಯಿ ಒಬ್ಬರು ಕಾಯುವಿರಿ.

ಶಾಂತಕುಮಾರ


ಬಾಲಾನಗರ
20 ನವೆಂಬರ್ 2025

ಮನೆಯವರಿಗೆ,

ಆ ಅಂಗಡಿಯಲ್ಲಿ ರವಿ ದಸರೆಯಿಂದ ರಿಪೇರಿ ಕೆಲಸಕ್ಕಿದ್ದಾನೆ. ಚೀಲದಲ್ಲಿದ್ದದ್ದು ಬುತ್ತಿ ಡಬ್ಬಿ. ರೊಟ್ಟಿ, ಪುಂಡಿಪಲ್ಲೆ. ಕಟ್ಟಿದವಳು ನಾನು. ಬೇಕಾದರೆ ನನ್ನ ಹೆಸರನ್ನೂ ಬರೆದುಕೊಡಿ.

ಅವನು ನಿಮ್ಮನ್ನು ನೋಡಿದ್ದ. ಮನೆಗೆ ಬಂದು, "ಅಕ್ಕಾ, ಮಾಮಾ ನನ್ನ ಹಿಂದ ಬಿದ್ದಾನ. ಬಾಣಂತಿ ಆರೈಕೆ ಅಂತ ತೆಲುಗು ಪುಸ್ತಕ ಓದಾಕತ್ತಿದ್ದ, ಅದೂ ತಲಿಕೆಳಗ ಹಿಡಕೊಂಡು," ಎಂದು ಹೇಳಿ ಬಹಳ ನಕ್ಕ. ನಕ್ಕು ನಕ್ಕು ಊಟ ಮಾಡದೆ ಮಲಗಿದ. ಮದುವೆಯಲ್ಲಿ ನಿಮ್ಮ ಕೈ ಹಿಡಿದು ಮೆರವಣಿಗೆಯ ತುಂಬ ನಡೆದವನು ಅವನು. ನೀವು ಅವನಿಗೆ ನಿಮ್ಮ ಕಂಪನಿಯಲ್ಲಿ ಕೆಲಸ ಕೊಡಿಸಿದಾಗ ನಿಮ್ಮ ಫೋಟೋವನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದ. ಈಗಲೂ ಇದೆಯೋ ಏನೋ, ನಾನು ನೋಡಿಲ್ಲ. ಪರ್ಸು ತೆಗೆದು ನೋಡುವ ರೂಢಿ ನಮ್ಮ ಮನೆಯಲ್ಲಿಲ್ಲ.

ನನ್ನ ಮೇಲೂ ಸಂಶಯ ಬಂದಿದೆ ಎಂದು ತಿಳಿಯಿತು. ಬಂದದ್ದನ್ನು ಕೂರಿಸಿ ಚಹಾ ಕೊಡಿ. ನಾನಿಲ್ಲದ ಮನೆಗೆ ಬರುವ ನೆಂಟ ಅದೊಂದೇ.

ನನಗೆ ಗೊತ್ತಿದೆ. ಇಲ್ಲ ಅನ್ನುವುದಿಲ್ಲ. ನೀವು ಎಲ್ಲಿ ಮಾರಿದ, ಯಾರಿಗೆ ಕೊಟ್ಟ ಎಂದೇ ಕೇಳುತ್ತ ಬಂದಿದ್ದೀರಿ. ಏನಾಯಿತು ಎಂದು ಒಮ್ಮೆ ಕೇಳಿ, ಹೇಳುತ್ತೇನೆ. ರವಿಗೆ ಬಾಯಿ ಬಿಡಬೇಡ ಎಂದು ಹೇಳಿದವಳೂ ನಾನೇ.

ಶಿವದೇವಿ


ಕುಷಾಯಿಗೂಡ
7 ಡಿಸೆಂಬರ್ 2025

ಶಿವದೇವಿಗೆ,

ಕಾಗದ ತಯಾರಾಗಿದೆ. ಮೊನ್ನೆ ಮ್ಯಾನೇಜರ್ ಸುಮಂತ ಒಳಗೆ ಕರೆದು ಕೂರಿಸಿದ. ಹುಡುಗನಿಗೆ ನಮ್ಮ ಮದುವೆಯ ಆಲ್ಬಮ್ಮಿಗಿಂತ ಸ್ವಲ್ಪ ಹೆಚ್ಚು ವಯಸ್ಸು. ನನಗೆ ಅಂಕಲ್ ಅನ್ನುತ್ತಾನೆ. ಕೆಲಸದಿಂದ ತೆಗೆಯುವಾಗಲೂ ಹಾಗೇ ಅನ್ನುತ್ತಾನೆಂದು ಕಾಣುತ್ತದೆ. ಟೈಪು ಮಾಡಿದ ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದ. ರವಿಕಿರಣ ಎಂಬಾತ ಐದನೆಯ ಕಿಟ್ಟನ್ನು ಕಾರ್ಖಾನೆಗೆ ಒಪ್ಪಿಸದೆ ಸ್ವಂತ ಲಾಭಕ್ಕೆ ಬಳಸಿಕೊಂಡನೆಂದು ನನಗೆ ಖಚಿತವಾಗಿ ತಿಳಿದಿದೆ, ಇತ್ಯಾದಿ. ನಾನು ಸಹಿ ಹಾಕಿದರೆ ಅದು ಪೊಲೀಸರಿಗೆ ಹೋಗುತ್ತದೆ.

"ಖಚಿತ ಅಂತ ಐತಲ್ಲಪ್ಪಾ. ನನಗ ಬರೇ ಸಂಶಯ," ಅಂದೆ. ಮಾತು ನಮ್ಮ ಭಾಷೆಯಲ್ಲೇ ಬಂದುಬಿಟ್ಟಿತು. ಅರ್ಥವಾದವನಂತೆ ತಲೆಯಾಡಿಸಿದ.

"ಮೀದಾ, ಆಯನದಾ, ಒಕ ಪೇರು ಕಾವಾಲಿ ಅಂಕಲ್," ಅಂದ. ನಿಮ್ಮದೋ ಅವರದೋ, ಒಂದು ಹೆಸರು ಬೇಕು. ತಿಂಗಳು ಮುಗಿಯುವುದರೊಳಗೆ.

ಹಾಳೆಯನ್ನು ಮನೆಗೆ ತಂದಿದ್ದೇನೆ. ಟಿವಿಯ ಮೇಲೆ ಇಟ್ಟೆ. ಟಿವಿ ನೋಡಲಾಗಲಿಲ್ಲ. ಮಡಿಚಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಮಲ್ಲಣ್ಣ ಇವತ್ತು ಬೆಳಿಗ್ಗೆ ತಾನಾಗಿ ಬಂದು, "ತಂಗಿ ಎಂದು ಬರ್ತಾಳ್ರಿ? ಮನ್ಯಾಗ ಮಾತಿನ ಸದ್ದಿಲ್ಲ," ಅಂದ. ಇಷ್ಟು ದಿನ ನೀರಿನ ಕ್ಯಾನು ಹಿಡಿದು ನಿಲ್ಲುತ್ತಿದ್ದುದು ಅದನ್ನು ಕೇಳಲಿಕ್ಕಿರಬಹುದು. ಇಲ್ಲದೆಯೂ ಇರಬಹುದು.

ಸರಿ, ಕೇಳುತ್ತೇನೆ. ಏನಾಯಿತು?

ಶಾಂತಕುಮಾರ


ಬಾಲಾನಗರ
14 ಡಿಸೆಂಬರ್ 2025

ಮನೆಯವರಿಗೆ,

ಕೇಳಿದಿರಿ. ಹೇಳುತ್ತೇನೆ.

ಗಣಪತಿಯನ್ನು ಕಳಿಸುವ ದಿನ ರವಿ ಐದು ಪೆಟ್ಟಿಗೆಗಳನ್ನು ಆಟೋದಲ್ಲಿ ಕಾರ್ಖಾನೆಗೆ ಒಯ್ದ. ನಾಲ್ಕನ್ನು ಯಂತ್ರಕ್ಕೆ ಹಾಕಿದರು. ಐದನೆಯದನ್ನು ಎತ್ತಿದ ಆಳು, "ಇದಕ್ಕ ಕುಂಕುಮ ಐತಲ್ಲೋ," ಎಂದು ಹಾಗೇ ಕೆಳಗಿಟ್ಟನಂತೆ. ನಮ್ಮ ಸೇಡಂ ಕಡೆಯವನೇ. ನೀವು ಪ್ರತಿ ವರ್ಷ ಹಚ್ಚಿದ ಕುಂಕುಮ ಅಂಚಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಟ್ಟಿದ ದಾರವೂ ಇತ್ತು. ರವಿಗೂ ಅದನ್ನು ಯಂತ್ರಕ್ಕೆ ಕೊಡಲು ಕೈ ಬರಲಿಲ್ಲ. ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟು, "ಅಕ್ಕಾ, ಇದನ್ನ ಏನ ಮಾಡೂಣು?" ಎಂದ.

ನಾನು ನೋಡಿದೆ. ಇಷ್ಟು ವರ್ಷ ಕುಂಕುಮ ಕಟ್ಟಿಕೊಟ್ಟಿದ್ದೆ, ಅದರ ಮುಖ ನೋಡಿದ್ದು ಆವತ್ತೇ. ಇಟ್ಟಂಗಿಯ ಹಾಗೆ ಕರ್ರಗೆ, ಚಂದವೇನಿಲ್ಲ. ಆದರೆ ಆರತಿ ಬೆಳಗಿಸಿಕೊಂಡದ್ದು. ಎರಡು ಮನೆಗೆ ಅನ್ನ ಹಾಕಿದ್ದು. ಅದನ್ನು ಯಂತ್ರದ ಬಾಯಿಗೆ ಹೇಗೆ ಕೊಡುವುದು? ನಮ್ಮವ್ವ ಒಡೆದ ದೇವರ ಪಟವನ್ನೂ ಕಸಕ್ಕೆ ಹಾಕಿದವಳಲ್ಲ, ನೀರಿಗೇ ಬಿಡುತ್ತಿದ್ದಳು. ಗಣಪತಿ ಹೇಗೂ ಹೊರಟಿದ್ದ. "ಇದೂ ಅವನ ಜೋಡಿ ಹೋಗಲಿ," ಅಂದೆ. ಕೆಂಪು ಖಣದಲ್ಲಿ ಕಟ್ಟಿ, ಅಕ್ಕಿ ಹಾಕಿ, ಓಣಿಯವರ ಗಾಡಿಯಲ್ಲಿ ಗಣಪತಿಯ ಪಕ್ಕ ಇಟ್ಟೆವು. ಕಾರ್ಪೊರೇಷನ್ನಿನವರು ವಿಸರ್ಜನೆಗೆಂದು ಕೊಳ ಮಾಡಿದ್ದರಲ್ಲ, ಅಲ್ಲಿ ನನ್ನ ಕೈಯಾರೆ ಬಿಟ್ಟೆ. ಭಾರ ಇತ್ತು. ಒಂದೇ ಸಲಕ್ಕೆ ಹೋಯಿತು.

ನಿಮ್ಮ ಕಂಪನಿಗೆ ಬೇಕಾಗಿದ್ದುದು ಅದು ಇಲ್ಲದಂತೆ ಆಗುವುದು. ಮುಳುಗಿದ್ದು ಇಲ್ಲದಂತೆ ಆಗಲಿಲ್ಲವೇ? ಹಾಗೆಂದುಕೊಂಡೆ. ಚೀಟಿಯ ವಿಷಯ ರವಿಗೆ ಆಮೇಲೆ ಹೊಳೆಯಿತು. ನಿಮಗೆ ಹೇಳಿದರೆ ಬೈಯುತ್ತೀರಿ, ಆಮೇಲೆ ಅದರ ಮೇಲೂ ಒಂದು ಪದ್ಯ ಕಟ್ಟುತ್ತೀರಿ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಸಮಯ ನೋಡಿ ನಾನೇ ಹೇಳುತ್ತೇನೆ, ನೀನು ಸುಮ್ಮನಿರು ಎಂದು ಅವನಿಗೆ ಹೇಳಿದೆ. ಅಷ್ಟರಲ್ಲಿ ನೀವು ಅವನನ್ನು ಕಳ್ಳ ಅಂದಿರಿ. ಕೇಳುವ ಮೊದಲೇ ಅಂದಿರಿ. ಅದಾದ ಮೇಲೆ ಹೇಳಲು ಮನಸ್ಸು ಬರಲಿಲ್ಲ.

ಸುಮಂತನ ಮುಂದೆ ನನ್ನ ಹೆಸರು ಹೇಳಿ. ಬೇಕಾದರೆ ನಾನೇ ಬಂದು ಹೇಳುತ್ತೇನೆ, ಕರೆಯಿರಿ.

ಶಿವದೇವಿ


ಕುಷಾಯಿಗೂಡ
28 ಡಿಸೆಂಬರ್ 2025

ಪ್ರಿಯ ಶಿವದೇವಿ,

ನಿನ್ನ ಪತ್ರ ಓದಿ ಮರುದಿನ ಆ ಕೊಳಕ್ಕೆ ಹೋಗಿದ್ದೆ. ನಿನ್ನ ಮನೆಯ ಹತ್ತಿರವೇ ಹಾದು ಹೋದೆ, ಒಳಗೆ ಬರಲಿಲ್ಲ. ಕೊಳ ಒಣಗಿದೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಹಬ್ಬ ಮುಗಿದ ಮೇಲೆ ಕ್ರೇನು ತಂದು ತಳದಲ್ಲಿದ್ದದ್ದನ್ನೆಲ್ಲ ಎತ್ತಿ ಲಾರಿಗೆ ತುಂಬಿದರಂತೆ. ಕಾವಲುಗಾರನನ್ನು ಕೇಳಿದೆ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಪೆಟ್ಟಿಗೆಯೊಂದು ಸಿಕ್ಕಿತ್ತೇ ಎಂದು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅದರಲ್ಲಿ ಏನಿತ್ತು ಎಂದು ಕೇಳಿದ. ಫೋಟೋ ತೆಗೆಯಲೂ ಬಾರದ ವಸ್ತು, ಅವನಿಗೇನೆಂದು ಹೇಳಲಿ? ತಿರುಗಿ ಹೊರಟೆ. ನಾನು ತಿರುವು ದಾಟುವವರೆಗೂ ಅವನು ನೋಡುತ್ತಲೇ ಇದ್ದ. ಸಂಶಯ ಪಡುವ ಮನುಷ್ಯನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಚೆನ್ನಾಗಿ ಕಾಣುವುದಿಲ್ಲ.

ಆಮೇಲೆ ಬಹಳ ಯೋಚಿಸಿ ಒಂದು ಕೆಲಸ ಮಾಡಿದೆ. ಸುಮಂತನ ಕೋಣೆಗೆ ಹೋಗಿ ಹಾಳೆಯನ್ನು ಸಹಿ ಹಾಕದೆ ವಾಪಸ್ಸು ಕೊಟ್ಟೆ. ಪೂಜೆ ಮಾಡಿದ ವಸ್ತುವನ್ನು ಒಡೆಯಲು ಮನಸ್ಸಾಗದೆ ರವಿಕಿರಣನ ಕೈಯಿಂದ ಇಸಿದುಕೊಂಡು ಗಣಪತಿಯ ಜೊತೆ ನೀರಿಗೆ ಬಿಟ್ಟೆ, ಬಿಟ್ಟವನು ನಾನು ಅಂದೆ. ನಿಜಾನಾ ಅಂಕಲ್ ಎಂದು ಮತ್ತೆ ಮತ್ತೆ ಕೇಳಿದ. ಖಣದ ಬಣ್ಣ ಸಹಿತ ಹೇಳಿದೆ. ಬೀಗದ ಕೈ ಇಸಿದುಕೊಂಡರು. ಫೋನು ವಾಪಸ್ಸು ಕೊಟ್ಟರು. ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ.

ಯಾವ ಕಾಗದದಲ್ಲೂ ನಿನ್ನ ತಮ್ಮ ಕಳ್ಳನಲ್ಲ. ನಿನ್ನ ಹೆಸರು ಬಂದೇ ಇಲ್ಲ. ಇಷ್ಟು ವರ್ಷ ಬರೀ ಪ್ರಾಸ ಜೋಡಿಸಿದೆ, ಒಂದು ಸಲವಾದರೂ ನಿಮ್ಮ ಪರವಾಗಿ ಒಂದು ಸುಳ್ಳು ಜೋಡಿಸಿದೆ. ನಿನ್ನದೇ ಕಥೆ, ನೀನು ಚೆನ್ನಾಗಿ ಕಟ್ಟಿದ್ದೆ. ನಾನು ಹೇಳುವಾಗ ಎಲ್ಲೂ ತಡವರಿಸಲಿಲ್ಲ.

ಈಗ ಎಲ್ಲ ಮುಗಿದಿದೆ. ನಮ್ಮಿಬ್ಬರ ನಡುವೆ ಇರಲಿ, ಒಂದು ಮಾತು ಹೇಳು. ಅವನು ಅದನ್ನು ಯಾರಿಗೆ ಕೊಟ್ಟ? ನಾನು ಸಿಟ್ಟು ಮಾಡುವುದಿಲ್ಲ. ಆಣೆ. ತಿಳಿದರೆ ಸಾಕು.

ಸಂಕ್ರಾಂತಿಯೊಳಗೆ ಮನೆಗೆ ಬಾ.

ನಿನ್ನ
ಶಾಂತಕುಮಾರ


ಬಾಲಾನಗರ
5 ಜನವರಿ 2026

ಮನೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ರವಿಗೆ ತೋರಿಸಲಿಲ್ಲ. ನೀವು ಅವನ ಹೆಸರು ಉಳಿಸಿದಿರಿ ಎಂದು ಮಾತ್ರ ಹೇಳಿದೆ. ಬಾಗಿಲ ಹಿಂದೆ ಹೋಗಿ ಅತ್ತ. ಅಳಲಿ, ಅವನಿಗೆ ಅಷ್ಟೇ ಗೊತ್ತಿರಲಿ.

ನಮ್ಮ ಪರವಾಗಿ ಸುಳ್ಳು ಹೇಳಿದೆ ಎಂದು ಬರೆದಿದ್ದೀರಿ. ನೀವು ಸುಮಂತನ ಮುಂದೆ ಹೇಳಿದ್ದರಲ್ಲಿ ಸುಳ್ಳಾಗಿದ್ದುದು ಬಿಟ್ಟವರ ಹೆಸರು ಮಾತ್ರ. ಖಣ ನಿಜ, ನೀರು ನಿಜ, ಗಣಪತಿ ನಿಜ. ನಿಜವನ್ನೇ ಸುಳ್ಳೆಂದು ತಿಳಿದುಕೊಂಡು ಅಷ್ಟು ಚಂದ ಹೇಳಿ ಕೆಲಸ ಕಳೆದುಕೊಂಡ ಮನುಷ್ಯನನ್ನು ನಾನು ಇನ್ನೆಲ್ಲೂ ನೋಡಿಲ್ಲ. ನಂಬಿದ್ದರೆ ನನ್ನನ್ನು ಕರೆಯುತ್ತಿದ್ದಿರಿ. ಕರೆಯಿರಿ ಎಂದು ಬರೆದಿದ್ದೆ.

ಇವತ್ತು ನಾನೇ ನಿಮ್ಮ ಕಂಪನಿಗೆ ಹೋಗಿ ಬಂದೆ. ಎರಡು ಬಸ್ಸು ಬದಲಾಯಿಸಿ, ಕೇಳಿಕೊಂಡು ಕೇಳಿಕೊಂಡು ಹೋದೆ. ಗೇಟಿನವನು ಯಾರು ಬೇಕು ಅಂದ. "ಶಾಂತಕುಮಾರ ಅವರ ಮನಿಯಾಕಿ, ನಿಮ್ಮ ಕಿಟ್ಟು ಮುಳುಗಿಸಿದಾಕಿ ನಾನೇ," ಅಂದೆ. ಒಳಗೆ ಬಿಟ್ಟರು.

ಸುಮಂತ ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ತೆಲುಗಿನಲ್ಲಿ ಎಲ್ಲ ಹೇಳಿದೆ, ತರಕಾರಿ ಕೊಳ್ಳುವ ತೆಲುಗು. ನಡುವೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ, ಅಕ್ಕಿ ಹಾಕಿದಿರಾ ಆಂಟಿ ಎಂದು ಕೇಳಿದ. ಹಾಕಿದೆ ಅಂದೆ. ಅವರ ಅಮ್ಮಮ್ಮ ಜೊತೆಗೆ ಒಂದು ಅಡಿಕೆಯನ್ನೂ ಹಾಕುತ್ತಿದ್ದರಂತೆ. ಹೊರದೇಶದವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದ. ಅಂಕಲ್ ಬರುವ ಸೋಮವಾರ ಒಮ್ಮೆ ಬಂದು ಕಾಣಲಿ ಅಂದ. ಹೋಗಿ ಬನ್ನಿ. ಬೀಗದ ಕೈ ಕೊಟ್ಟರೂ ಕೊಟ್ಟಾನು.

ಆ ಹುಡುಗ ನನ್ನನ್ನು ನೋಡಿದ್ದು ಇವತ್ತೇ ಮೊದಲು. ಚಹಾ ತಣ್ಣಗಾಗುವುದರೊಳಗೆ ನಂಬಿದ.

ಅವನು ನಂಬಿದ ಮೇಲೆ ಈಗ ನೀವೂ ನಂಬುತ್ತೀರಿ. ಈ ಪತ್ರ ಓದುತ್ತಿರುವಾಗಲೇ ನಂಬತೊಡಗಿರುತ್ತೀರಿ, ನನಗೆ ಗೊತ್ತು. ಆ ನಂಬಿಕೆಯನ್ನು ತೆಗೆದುಕೊಂಡು ನಾನೇನು ಮಾಡಲಿ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಬಸ್ಸು ಬದಲಾಯಿಸುವಲ್ಲಿ ಕುಷಾಯಿಗೂಡದ್ದು ಎದುರಿಗೇ ನಿಂತಿತ್ತು. ಬಾಲಾನಗರದ್ದು ಹತ್ತಿದೆ.

ಸಂಕ್ರಾಂತಿಗೆ ಇಲ್ಲೇ ಇರುತ್ತೇನೆ.

ಶಿವದೇವಿ